ಸ್ಪೇರ್

ಹಾಸನದ ಕೈಗಾರಿಕಾ ವಸಾಹತಿನ ಕೊನೆಯ ಶೆಡ್ಡಿನಲ್ಲಿ
ಹಳೇ ಮೆಟಡಾರು ಮನೆಯಾಗಿ ನಿಂತಿದೆ.
ಸ್ಪಿತಿಗಂತೆ. ಹೊರಟರೆ ಎರಡು ತಿಂಗಳಂತೆ.
ಇವರು ಒಳಗಿಂದ ಕೂಗುತ್ತಾರೆ,
ನಾನು ಟಿಕ್ ಹಾಕುತ್ತೇನೆ,
ಮೂವತ್ತು ವರ್ಷದ ಕಂಡಕ್ಟರ್ ಕೈ, ಲೆಕ್ಕ ತಪ್ಪದು.

ಫ್ಯಾನ್ ಬೆಲ್ಟು ಎರಡು. ಕ್ಲಚ್ ಕೇಬಲ್ಲು ಎರಡು.
ಫಿಲ್ಟರು ನಾಲ್ಕು, ಅಲ್ಲಿ ಡೀಸೆಲ್ಲೇ ಹೆಪ್ಪುಗಟ್ಟುತ್ತದಂತೆ;
ಮೊಸರಿನ ಹೆಪ್ಪು ಒಯ್ಯುವುದು ಹೇಗೆಂದು
ಯಾರೂ ಯೋಚಿಸಿಲ್ಲ.
ಫ್ಯೂಸುಗಳು ಇವರ ಮಾತ್ರೆ ಡಬ್ಬಿಯಲ್ಲಿ,
ಮಾತ್ರೆಗಳು ಎಲ್ಲಿ?

"ಹುರಿಹಿಟ್ಟು ಎಂಟು ಕೇಜಿ ಯಾಕೆ, ದಾಕ್ಷಾಯಿಣಿ?"
ನಿಮ್ಮ ಬೆಲ್ಟು ಹರಿದರೆ ಇನ್ನೊಂದಿದೆ,
ಹೊಟ್ಟೆಗೆಲ್ಲಿದೆ ಇನ್ನೊಂದು, ಅಂದೆ.

ಜಾಕು. ಸ್ಟೆಪ್ನಿ ಎರಡು. ಪಟ್ಟಿ ಮುಗಿಯಿತು.
ಕೆಟ್ಟರೆ ಬದಲಿ ಇಲ್ಲದ್ದು ಒಂದೇ ಉಳಿಯಿತು:
ಹೋದ ವರ್ಷ ಸ್ಟೆಂಟ್ ಹಾಕಿಸಿಕೊಂಡ ಡ್ರೈವರು.

ಅದನ್ನು ನಾನು ಓದಲಿಲ್ಲ.
ಬೂವನಹಳ್ಳಿಯ ಬಯಲಿನಲ್ಲಿ ಮೂರು ತಿಂಗಳು,
ವಾಕಿಂಗ್ ಅಂತ ಹೇಳಿ ಹೋಗಿ,
ಗ್ಯಾರೇಜಿನ ಮುನಾವರನಿಂದ ಗೇರು ಕಲಿತಿದ್ದೇನೆ.
"ಅಮ್ಮಾ, ಕ್ಲಚ್ಚು! ಬೆಲ್ ಅಲ್ಲ, ಕ್ಲಚ್ಚು!"
ಲೈಸೆನ್ಸು ಹುರಿಹಿಟ್ಟಿನ ಡಬ್ಬಿಯ ತಳದಲ್ಲಿದೆ.

ರಿವರ್ಸು ಮಾತ್ರ
ಇನ್ನೂ ಸರಿಯಾಗಿ ಬರುವುದಿಲ್ಲ.