ಎರಡು ಸುತ್ತು ಜಾಸ್ತಿ

ಹೆಬ್ಬೆರಳ ತುದಿಯಷ್ಟು ಹಿತ್ತಾಳೆ.
ನಡುವೆ ಒಂದು ತೂತು,
ಸಾಸಿವೆಯೂ ಸಿಕ್ಕಿಬೀಳುವಷ್ಟು ಸಣ್ಣದು.
ಎಪ್ಪತ್ತು ಅಡಿಯ ಬೋಟು
ಇದರೊಳಗಿಂದಲೇ ಹಾದು ಬರಬೇಕು
ನೀಲಿಯಾಗಿ.

ಬಂದರಿನ ಗುಜರಿ ರಾಶಿಯಲ್ಲಿ ಹುಡುಕಿ
ಇದನ್ನು ನನ್ನ ಕೈಗಿಟ್ಟವರು ಹಾಮಬ್ಬ ಬ್ಯಾರಿ.
ಸಿಟಿ ಬಸ್ಸುಗಳಿಗೆ ಬಣ್ಣ ಹೊಡೆದೂ ಹೊಡೆದೂ
ಅವರ ಉಗುರಿನ ಅರ್ಧಚಂದ್ರ
ಮೂವತ್ತು ವರ್ಷ ಮೂಡಿದ್ದಿಲ್ಲ.
‘ಸೂಜಿ ಹಾಕಬೇಡ ಮಾರಾಯ, ತೂತು ಅಗಲ ಆದೀತು.
ತೆಂಗಿನ ಗರಿಯ ಕಡ್ಡಿ ಸಾಕು.’
ಇದು ಮೊದಲ ಪಾಠ.
ಎರಡನೆಯದು, ಚಹಾ ಕುಡಿಯುತ್ತ ಹೇಳಿದ್ದು:
‘ಬಣ್ಣ ಹೊಡೆಯುವುದು ಗಾಳಿ.
ನೀನು ದಾರಿ ತೋರಿಸುವವ, ಅಷ್ಟೆ.’

ಬದಿಯ ತಿರುಪು ಬಿಗಿದರೆ ದುಂಡು ಬೊಟ್ಟು,
ಸಡಿಲಿಸಿದರೆ ಬೀಸಣಿಗೆ.
ಮೂತಿಯ ಎರಡು ಕೊಂಬನ್ನು ಕಾಲು ಸುತ್ತು ತಿರುಗಿಸಿ,
ನಿಂತ ಬೀಸಣಿಗೆ ಮಲಗುತ್ತದೆ.
ಹಿಂದಿನದು ಬಣ್ಣಕ್ಕೆ, ಅಡಿಯದು ಗಾಳಿಗೆ.
ಒಂದನ್ನು ಸಮಾಧಾನ ಮಾಡಿದರೆ
ಇನ್ನೊಂದಕ್ಕೆ ಮುನಿಸು.
ಹತ್ತಿರ ಹೋದರೆ ಬಣ್ಣ ಅಳುತ್ತದೆ,
ಹಲಗೆಯ ಮೇಲೆ ಧಾರೆ ಧಾರೆ.
ದೂರ ನಿಂತರೆ ಹೊರಟ ಬಣ್ಣ ದಾರಿಯಲ್ಲೇ ಒಣಗಿ
ಧೂಳಾಗಿ ತಲುಪುತ್ತದೆ,
ಅಥವಾ ತಲುಪುವುದೇ ಇಲ್ಲ.
ಒಂದು ಗೇಣು, ಒಂದು ಗೇಣು ಅನ್ನುತ್ತಲೇ
ಇಡೀ ತೋಳು ನಡೆಯಬೇಕು. ಮಣಿಕಟ್ಟು ಕುಣಿಯಬಾರದು.

ಆವತ್ತು ಬೆಂಗ್ರೆಯಲ್ಲಿ
ನಿಷೇಧ ಮುಗಿಯಲು ಐದೇ ದಿನ.
ಆನೆಯ ಬೆನ್ನೂ ಒಡೆಯುತ್ತದೆ ಅನ್ನುತ್ತಾರಲ್ಲ,
ಅಂಥ ಆಟಿಯ ಬಿಸಿಲು,
ಮಳೆ ಸಂಜೆ ಬರುತ್ತದೋ ಈಗಲೇ ಬರುತ್ತದೋ.
ಮಾಲಕ ಯಾದವ ಕರ್ಕೇರರು ಗಂಟೆಗೊಮ್ಮೆ ಫೋನು:
‘ಆಯಿತಾ?’
‘ಆಗ್ತಾ ಉಂಟು.’
ಹೆದರಿಕೆಗೆ ನಾನು ಗಾಳಿ ಏರಿಸಿದೆ.
ಬೀಸಣಿಗೆ ಅಗಲವಾಯಿತು, ಇನ್ನೂ ಅಗಲವಾಯಿತು.
ಕಂಪ್ರೆಸರು ಗುಡುಗುಡು.
ಬೋಟು ನೀಲಿ, ಏಣಿ ನೀಲಿ, ನನ್ನ ರೆಪ್ಪೆ ನೀಲಿ.
ನಾನು ತೋರಿಸಿದ ದಾರಿಗೆ
ಕಡಲ ಕಡೆಯಿಂದ ಇನ್ನೊಂದು ಗಾಳಿ ಬಂದು ಸೇರಿದ್ದು
ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ವನಜಾ ಮೆಂಡನ್ ಬಂದಾಗ.
ಸೊಂಟದಲ್ಲಿ ಅಲ್ಯುಮಿನಿಯಂ ಬುಟ್ಟಿ,
ಬುಟ್ಟಿಯಲ್ಲಿ ಒಣ ನಂಗು.
ಮುಗ್ಗಲು ಹಿಡಿಯದಿರಲಿ ಎಂದು ಬಿಸಿಲಿಗೆ ಹರಡಿದ್ದಂತೆ.
‘ನೋಡು.’
ನೋಡಿದೆ. ಒಂದೊಂದು ನಂಗಿನ ಬೆನ್ನಿಗೂ
ಗಸಗಸೆಯಷ್ಟು ನೀಲಿ ಚುಕ್ಕಿ.
‘ಇದನ್ನು ನಿನ್ನ ಕರ್ಕೇರ ತಿನ್ನುತ್ತಾನಾ, ನೀನು ತಿನ್ನುತ್ತೀಯಾ?’
ಕಂಪ್ರೆಸರು ನಿಲ್ಲಿಸಿದೆ.
ಮೌನಕ್ಕೂ ಥಿನ್ನರಿನ ವಾಸನೆ.

ಎಂಟುನೂರು ಕೊಟ್ಟೆ. ಎಣಿಸಿ ಸೊಂಟಕ್ಕೆ ಸಿಕ್ಕಿಸಿದಳು.
ಹೋಗಲಿಲ್ಲ.
‘ಇಷ್ಟು ಸಣ್ಣ ಮೂತಿಯಿಂದ ನನ್ನ ಅಂಗಳದವರೆಗೆ ಬಂತಾ?’
ಎಂದು ತಾನೇ ಬಗ್ಗಿ ನೋಡಿ
‘ಈ ತಿರುಪು ಯಾವುದಕ್ಕೆ?’
ಹೇಳಿದೆ.
‘ಮತ್ತೆ ಅದನ್ನು ಸ್ವಲ್ಪ ಬಿಗಿ ಮಾಡಲಿಕ್ಕೆ ನಿನಗೆ ಏನು ದಾಡಿ?’
ಹಾಮಬ್ಬರೂ ಇಷ್ಟು ಚುಟುಕಾಗಿ ಕಲಿಸಿದ್ದಿಲ್ಲ.

ಎರಡು ಸುತ್ತು ಬಿಗಿದೆ. ಗಾಳಿ ಇಳಿಸಿದೆ.
ಟಾರ್ಪಾಲು ಕಟ್ಟಿ ಒಂದು ಗೇಣು ಹತ್ತಿರ ನಿಂತು
ಕತ್ತಲಾಗುವವರೆಗೆ.
ಮಳೆ ಬಂದದ್ದು ಬಣ್ಣ ಹಿಡಿದ ಮೇಲೆಯೇ.

ಬೋಟು ಕಡಲಿಗೆ ಹೋಗಿದೆ. ಉಪ್ಪು ಅದನ್ನು
ಹೇಗೂ ನೆಕ್ಕಿ ತೆಗೆಯುತ್ತದೆ, ಬರುವ ವರ್ಷ ಮತ್ತೆ ನಾನೇ.
ಆದರೆ ಮಾರುಕಟ್ಟೆಯಲ್ಲಿ ಬಂಗುಡೆ ಕೊಳ್ಳುವಾಗ
ಆ ಬುಟ್ಟಿಯ ಹೊರಬದಿ ಕಣ್ಣಿಗೆ ಬೀಳುತ್ತದೆ.
ಬೂದಿಯಲ್ಲಿ ಉಜ್ಜಿದರೂ, ನಾರಿನಲ್ಲಿ ತಿಕ್ಕಿದರೂ ಹೋಗದ
ಚುಕ್ಕಿಗಳು.
ಅವು ಚದುರಿದ ಬಗೆ ನೋಡಿ ಲೆಕ್ಕ ಹಾಕುತ್ತೇನೆ:
ಗಾಳಿ ಅರವತ್ತು ಪೌಂಡಿನ ಮೇಲೆ,
ಥಿನ್ನರು ಹೆಚ್ಚು,
ತಿರುಪು ಎರಡು ಸುತ್ತು ಜಾಸ್ತಿ.

‘ಏನು ನೋಡುತ್ತೀ? ನೂರಕ್ಕೆ ಐದು.’
‘ಆರು ಹಾಕು ಮಾರಾಯ್ತಿ.’
‘ಐದು,’ ಅನ್ನುತ್ತಾಳೆ.
ಒಂದೂ ಬಿಡುವುದಿಲ್ಲ.