ಬಿಟ್ಟ ಎರಡು ಪೆಟ್ಟು

ಕ್ಯಾಸೆಟ್ ಸಿಕ್ಕಿದ್ದು ಹೊಲಿಗಿ ಮಷಿನ್ನಿನ ಡ್ರಾವರಿನಾಗ,
ಗುಂಡಿ, ಬಾಬಿನ್ನು, ತುಕ್ಕು ಹಿಡಿದ ಕತ್ರಿ ನಡುವ.
ಮ್ಯಾಲೆ ಗಾಡ್‌ಫ್ರೇನ ಅಕ್ಷರ:
ರೇಲ್ವೆ ಇನ್‌ಸ್ಟಿಟ್ಯೂಟ್, ಹುಬ್ಬಳ್ಳಿ, ಎಂಬತ್ತಮೂರು.
ಯಾರ ಬ್ಯಾಂಡ್ ಅಜ್ಜಾ, ಅಂದ್ಲು ಮೊಮ್ಮಗಳು ಪ್ರಣತಿ.
ನಂದು, ಅಂದೆ.
ನಕ್ಕಳು. ನಗೂದೂ ಖರೇನ.
ಅಕಿ ನೋಡಿದ್ದು ಬಿಪಿ ಗುಳಿಗಿ ಎಣಿಸೋ ಬೆರಳು ಅಷ್ಟ.

ಗದಗ ರೋಡಿನ ವರ್ಕ್‌ಶಾಪಿನಾಗ ನಾ ರಿವಿಟ್ ಬಡಿಯಾಂವ.
ಜಾಫರ್‌ಸಾಬ ಹೊಂಬಳ ಬಡಿಗ್ಯಾ,
ಮೋಡಕಾ ಆದ ಡಬ್ಬಿಯ ಸಾಗವಾನಿ ಬಾಂಕ ಕೊರದು
ಗಿಟಾರ್ ಮಾಡಿದಾಂವ,
ಅದರ ಬೆನ್ನಮ್ಯಾಲೆ ಯಾರೋ ಕೆತ್ತಿದ ಒಂದು ಹೆಸರು
ಹಂಗ ಉಳಿದಿತ್ತು.
ಗಾಡ್‌ಫ್ರೇ ಕೇಶ್ವಾಪುರದಾಂವ, ಟೈಮ್ ಆಫೀಸಿನ ಕ್ಲಾರ್ಕ,
ತಡಾ ಆದವರ ಹೆಸರು ಬರೆಯೋ ಕೈಲೇ ಬೇಸ್ ನುಡಿಸಾಂವ.
ರುದ್ರಮುನಿಗೆ ಇಂಗ್ಲಿಷ್ ಬರತಿದ್ದಿಲ್ಲ,
ಒದರಿದರ ಕುಂದಗೋಳದಾಗ ನಾಯಿ ಏಳತಿದ್ದವು.

ಭೋಂಗಾ ಊದಿದ ಮ್ಯಾಲೆ
ಎಣ್ಣಿ ಹೋಗದ ಉಗುರಿನ್ಯಾಗ ಕಟ್ಟಿದ ಹಾಡು,
'ಎರಡನೇ ಪಾಳಿ.'
ಅಪ್ಪ ಶನಿವಾರದ ಭಜನಿಯಾಗ ದಿಮ್ಮು ಬಾರಸಾಂವ.
ಪಾತ್ರಿ ಅಂಗಡಿ ಹೊಕ್ಕ ಎಮ್ಮಿ, ಅಂತಿದ್ದ ನನಗ.
ಮಗ ಪ್ರಭುಲಿಂಗಗ ನಾಚಿಕಿ.
ಅವನ ಗೆಳ್ಯಾರು ಮನಿಗೆ ಬಂದ್ರ
ಡ್ರಮ್ಮಿನ ಮ್ಯಾಲೆ ಚಾದರ ಹೊಚ್ಚತಿದ್ದ.
ಆಮ್ಯಾಲೆ ಚಾದರದ ಮ್ಯಾಲೆ ಜೋಳದ ಚೀಲ ಕುಂತವು.
ಇಲಿ ಕಡದ ತೊಗಲು ನಾನೂ ನೋಡಲಿಲ್ಲ.

ಒಂದು ತಿಂಗಳು ಪ್ರಣತಿ
ಕಿವ್ಯಾಗ ಬಿಳೇ ಬೀಜ ಇಟಗೊಂಡು ತಿರಗ್ಯಾಡಿದ್ಲು.
ಒಂದಿನ ಓಡಿ ಬಂದು,
ಅಜ್ಜಾ, ಮೂರನೇ ಚರಣದಾಗ ಎರಡು ಪೆಟ್ಟು ಬಿಟ್ಟೀಯಲ್ಲ,
ಹೆಂಗ ಹೊಳೀತು ನಿನಗ?
ಕಾಲು ಮೆಟ್ಟಲ ತಪ್ಪಿದಂಗ ಆಗತದ ನೋಡು!
ನಮ್ಮ ಹುಡುಗ್ರು ಮೂರು ವಾರ ಕಲತ್ರು,
ಬಾರಿಸೂದಲ್ಲ, ಅಷ್ಟ ಬಿಡೂದನ್ನ.

ನಾ ಚಹಾ ಕುಡದೆ.
ಹೇಳಲಿಲ್ಲ.

ಆ ರಾತ್ರಿ, ಮೂರನೇ ಚರಣ,
ಬ್ಯಾಡ್ಮಿಂಟನ್ ಬಲಿ ಸುತ್ತಿಟ್ಟ ಕಂಬದ ಹಂತ್ಯಾಕ
ಅಪ್ಪ ನಿಂತಿದ್ದ.
ಪಟಗಾ ತಗದು ಬಗಲಾಗ ಇಟಗೊಂಡಿದ್ದ,
ಗುಡಿ ಹೊಕ್ಕಾಗ ಮಾಡತಿದ್ನಲ್ಲ, ಹಂಗ.
ಕೋಲು ಗಾಳ್ಯಾಗ ನಿಂತು ಬಿಡ್ತು.
ಹಾಡು ಮುಗಿಯೂದರಾಗ ಅಂವ ಇರಲಿಲ್ಲ.
ಮುಂಜಾನಿ ರೊಟ್ಟಿ ಮುರಕೋತ ಒಂದ ಮಾತು ಕೇಳಿದ:
ನಡುವ ಎಲ್ಲಿ ಹೋಗಿದ್ದಿ?
ಮುಂದ ಎಂಟು ವರ್ಷ ಬದುಕಿದ್ದ,
ಆ ಮಾತು ಮತ್ತ ತಗೀಲಿಲ್ಲ. ನಾನೂ.

ಹೋದ ಐತವಾರ ವಿದ್ಯಾನಗರದ ಕಾಲೇಜಿನಾಗ ಅವರ ಕಾರ್ಯಕ್ರಮ.
ಕಡೀ ಹಾಡಿಗೆ ಮುದುಕರನ್ನ ಮ್ಯಾಲೆ ಕರದ್ರು.
ಜಾಫರ್‌ಸಾಬನ ಬೆರಳು ಅರ್ಧಕ್ಕ ನಿಲ್ಲತಾವ,
ಗಾಡ್‌ಫ್ರೇ ಕಿವಿ ಮಷಿನ್ ತಗದು ಕಿಸೇದಾಗ ಹಾಕಿಕೊಂಡ,
ಕಾಲಾಗ ಕೇಳತೀನಿ ಬಿಡೋ, ಅಂದ.
ರುದ್ರಮುನಿಯ ಸಾಲು
ಮೂಗುನತ್ತಿನ ಒಂದು ಹುಡುಗಿ ಒದರಿದ್ಲು,
ಅವನಕಿಂತ ಚಂದ, ಅವನಷ್ಟ ಸಿಟ್ಟಿಲ್ಲ.
ಎದುರಿಗೆ ಫೋನಿನ ಬೆಳಕು, ಜ್ವಾಳದ ಹೊಲದಾಗ ಮಿಂಚುಹುಳ ಬಂದಂಗ.
ಎರಡು ಡ್ರಮ್ಮು. ಒಂದಕ್ಕ ಪ್ರಣತಿ, ಒಂದಕ್ಕ ನಾನು.

ಮೂರನೇ ಚರಣ ಬಂತು.
ನಲವತ್ತು ವರ್ಷ ತೊಡಿ ಮ್ಯಾಲೆ, ಹೊರಸಿನ ಕಾಲಿನ ಮ್ಯಾಲೆ,
ದವಾಖಾನಿ ಬಾಂಕಿನ ಮ್ಯಾಲೆ
ತುಂಬಕೋತ ಬಂದ ಎರಡು ಪೆಟ್ಟು,
ಕೈ ನನ್ನ ಕೇಳಲಿಲ್ಲ.
ಹುಡುಗ್ರೆಲ್ಲ ಒಮ್ಮಿಗೇ ಬಿಟ್ರು,
ಉಸರು ಬಿಟ್ಟಂಗ, ಒಬ್ರೂ ತಪ್ಪಲಿಲ್ಲ.
ಆ ಖಾಲಿಯೊಳಗ
ನಂದಷ್ಟ ಕೇಳಸ್ತು,
ರಾತ್ರಿ ಶೆಡ್ಡಿನಾಗ ಒಬ್ಬನ ರಿವಿಟ್ ಬಡಿದಂಗ:
ಢಣ್. ಢಣ್.

ಪ್ರಣತಿ ಈ ಕಡೆ ಹಣಿಕಿ ಹಾಕಿದ್ಲು,
ಬೆವರಿಗೆ ಕೂದಲ ಹಣಿಗೆ ಅಂಟಿತ್ತು.
ಅಜ್ಜಾ, ತಪ್ಪಿದಿ.

ಹೌದವಾ, ಅಂದೆ. ಹಾಡು ನಡದಿತ್ತು.
ಬಾಗಲದಾಗ ಪ್ರಭುಲಿಂಗ ನಿಂತಿದ್ದ,
ಹೆಲ್ಮೆಟ್ ತಗದು ಬಗಲಾಗ ಇಟಗೊಂಡು.
ಯಾವಾಗ ಬಂದಿದ್ನೋ.