ತಂತಿಯ ತೂಕ

ಸ್ಟೋರಿನ ಸುಬ್‌ಹಿ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ
ಉಸಿರು ಹಿಡಿದು ನಿಂತ.
ಅಂಕಿಗಳು ಕೊಂಚ ಹೊಯ್ದಾಡಿ ಕೂತವು:
ಎರಡು ಪಾಯಿಂಟ್ ಒಂದು ಒಂದು.
ಇಪ್ಪತ್ತೆರಡು ವರ್ಷದ ಹಿಂದೆ ಶುವೈಖಿನ ಇದೇ ಕಿಟಕಿಯಲ್ಲಿ
ನಾನು ಸಹಿ ಹಾಕಿ ಒಯ್ದದ್ದು
ಎರಡು ಪಾಯಿಂಟ್ ಒಂದು ನಾಲ್ಕು.
‘ಡಾಕ್ಟರಾ, ಉಳಿದ ಪ್ಲಾಟಿನಂ ಎಲ್ಲಿ?’
ನಗುತ್ತಲೇ ಕೇಳಿದ. ಆದರೂ ಕೇಳಿದ.

ಎಲ್ಲಿಂದ ಶುರು ಮಾಡಲಿ ಸುಬ್‌ಹಿ.

ಹುಬ್ಬಳ್ಳಿಯ ಘಂಟಿಕೇರಿಯಲ್ಲಿ ನಮ್ಮಪ್ಪನದು ಮುಲಾಮಿನ ಅಂಗಡಿ.
ಸೈಕಲ್ಲಿನ ಹ್ಯಾಂಡಲ್ಲು, ಮದುವೆ ಬ್ಯಾಂಡಿನ ತುತ್ತೂರಿ
ಹಸಿರು ನೀರಿಗೆ ಮಂಕಾಗಿ ಇಳಿದು
ಕನ್ನಡಿಯಾಗಿ ಏಳುತ್ತಿದ್ದವು.
ಆಚೆ ಬದಿಗೆ ತೂಗುಬಿಟ್ಟ ನಿಕ್ಕಲ್ ಗಟ್ಟಿ
ದಿನದಿನಕ್ಕೆ ಸೊರಗುತ್ತಿತ್ತು.
‘ಒಂದು ಹೊಳೀಬೇಕಂದ್ರ ಇನ್ನೊಂದು ಸವೀಬೇಕು’ ಅಂದಿದ್ದ ಅಪ್ಪ.
ತತ್ವವಲ್ಲ ಅದು.
ರೇಟು ಯಾಕೆ ಜಾಸ್ತಿ ಅಂತ ಜಗಳ ತೆಗೆದ ಗಿರಾಕಿಗೆ ಹೇಳಿದ್ದು.

ಇಲ್ಲಿಗೆ ಬಂದಾಗ ನನಗೆ ಸೊಕ್ಕಿತ್ತು:
ಎಣ್ಣೆಯ ನಾಡಿನಲ್ಲಿ ಎಣ್ಣೆ ಬೇಡದ ಕರೆಂಟು.
ಒಂದು ಕಡೆ ಹೈಡ್ರೋಜನ್, ಒಂದು ಕಡೆ ಬರೀ ಗಾಳಿ,
ನಡುವೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪೊರೆ.
ಮೊದಲ ಕೋಶ ಉಸಿರಾಡಿದ ರಾತ್ರಿ
ಹೊರಗೆ ಹನ್ನೊಂದು ಗಂಟೆಗೂ ನಲವತ್ತು ಡಿಗ್ರಿ,
ಒಳಗೆ ಕೊಳವೆಯ ತುದಿಗೆ
ತೂಗಿತು ಒಂದು ಹನಿ ನೀರು.
ನಿಯಮ ಮುರಿದು ನಾಲಿಗೆಗೆ ಹಚ್ಚಿಕೊಂಡೆ.
ಏನೂ ರುಚಿಯಿಲ್ಲ.
ಈ ಊರಲ್ಲಿ ನಾನು ಕುಡಿದ
ಸಮುದ್ರದ ನೆನಪಿಲ್ಲದ ಒಂದೇ ನೀರು.

ಸಾವಿರ ಗಂಟೆ ಬಾಳಬೇಕಿತ್ತು, ನೂರಕ್ಕೇ ಸತ್ತಿತು.
ಗಂಧಕದ ಒಂದೆಳೆ ಎಲ್ಲಿಂದಲೋ ಸೇರಿ
ಪ್ಲಾಟಿನಂ ಕಣ್ಣು ಮುಚ್ಚಿಕೊಂಡಿತ್ತು.
ಪ್ರಾಜೆಕ್ಟ್ ಮುಗಿಯಿತು, ದುಡ್ಡು ಮುಗಿಯಿತು,
ಇಕಾಮಾಗೆ ಇನ್ನೂ ಏಳು ತಿಂಗಳಿತ್ತು.
ಸತ್ತ ಕೋಶದ ಗೆರೆಗಳನ್ನು ನೋಡುತ್ತ ಕೂತವಳಿಗೆ ಹೊಳೆಯಿತು:
ಇಷ್ಟು ಕಡಿಮೆ ವಿಷಕ್ಕೆ ಇಷ್ಟು ಸಂಕಟಪಡುವುದು
ಅಳೆಯಲಾರದೇ?

ಹಾಗೆ ಹುಟ್ಟಿತು ಜೇಬಿಗೆ ಸಿಕ್ಕಿಸುವ ಈ ಡಬ್ಬಿ.
ಕೊಳೆತ ಮೊಟ್ಟೆಯ ವಾಸನೆ ಬರುವ ತನಕ ಮೂಗು ಸಾಕು.
ಗ್ಯಾಸು ಹೆಚ್ಚಾದರೆ ಮೊದಲು ಸಾಯುವುದು ಮೂಗೇ.
ವಾಸನೆ ನಿಂತಿತು ಅಂದರೆ ಹೋಯಿತು ಅಂತಲ್ಲ,
ಬಂದೇಬಿಟ್ಟಿತು ಅಂತ.

ಅಹ್ಮದಿಯ ಬಾವಿಗಳ ಹತ್ತಿರ ಸಿಕ್ಕ ಮೌಲಾಲಿ,
ಆಳಂದದ ಕಡೆಯವನು, ಟ್ಯಾಂಕು ತೊಳೆಯುವವನು.
ಡಬ್ಬಿಯ ಬಾಯಿಗೆ ಟೇಪು ಮೆತ್ತಿಕೊಂಡಿದ್ದ.
‘ತೌಜ್ ಎದ್ದರ ಸುಮ್ನ ಒದರ್ತದ್ರೀ ಅಮ್ಮಾ.
ಮೂರು ಸಲ ಓಡಿದೆ, ಫೋರ್ಮನ್ ಪಗಾರ ಹಿಡಿದ.
ನಾಕನೇ ಸಲ ಯಾರು ಓಡ್ತಾರ?’
ನನ್ನ ಪ್ರಬಂಧದಲ್ಲಿ ನಿಖರತೆ ತೊಂಬತ್ತೆಂಟು.
ಟೇಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆಮೇಲೆ ಒಂಬತ್ತು ವರ್ಷ ಧೂಳು ಓದಿದೆ.
ಧೂಳು, ಬೆವರು, ಆಗಸ್ಟಿನ ಕಡಲ ಹಬೆ,
ತನ್ನ ಸೊನ್ನೆಯನ್ನೇ ಮರೆತು ಮೆಲ್ಲಗೆ ಜಾರುವ ಸೊನ್ನೆ.
ಯಾವ ಸಮ್ಮೇಳನವೂ ಕರೆಯಲಿಲ್ಲ ಇದಕ್ಕೆ.
‘ಈಗ ಏನು ಮಾಡುತ್ತಿದ್ದೀರಿ?’ ಅಂದರೆ
‘ಸುಮ್ಮನಿರುವುದನ್ನು ಕಲಿಸುತ್ತಿದ್ದೇನೆ’ ಎನ್ನುತ್ತಿದ್ದಳು ರೀಮ್, ನನ್ನ ಪರವಾಗಿ.

ಹೋದ ಚಳಿಗಾಲ ಒಂದು ಬೆಳಗಿನ ಜಾವ
ಒದರಿತಂತೆ. ಟೇಪಿರಲಿಲ್ಲ.
ಆರು ಜನ ಬೂಟು ಮರಳಲ್ಲಿ ಹೂತು ಹೂತು ಓಡಿದರಂತೆ.
ಗ್ಯಾಸಿತ್ತೋ ಬರೀ ಮಂಜೋ
ರಿಪೋರ್ಟಿನಲ್ಲಿ ಇಲ್ಲ.
‘ಓಡಿದ್ವಿ’ ಅಂದ ಮೌಲಾಲಿ ಫೋನಿನಲ್ಲಿ,
ಆಮೇಲೆ ಮಗಳ ನಿಕಾಹಿನ ಮಾತು ತೆಗೆದ.

ಸುಬ್‌ಹಿ ಕಾಯುತ್ತಿದ್ದಾನೆ ಪೆನ್ನು ಹಿಡಿದು.
‘ನೀರಲ್ಲಿ ಕರಗಿತು, ದಿನಕ್ಕಿಷ್ಟಿಷ್ಟೇ’ ಅಂದೆ.
ಅವನು ಬಲದಿಂದ ಎಡಕ್ಕೆ ಏನೋ ಗೀಚಿದ.
ಏನಂತ ಬರೆದೆ?
‘ಮಾಮೂಲು ಸವೆತ.’
ಹಳದಿ ಪ್ರತಿ ಹರಿದು ನನಗೂ ಒಂದು ಕೊಟ್ಟ.